ಕೊಡಗಿನ ಸಣ್ಣ ಕಾಲೇಜಿಗೆ ಕಂಪ್ಯೂಟರ್, ಯುಪಿಎಸ್, ಇಂಟರ್ನೆಟ್: ಯಾವುದನ್ನು ಆರಿಸಬೇಕು, ಯಾವ ಹಣದಲ್ಲಿ ಕೊಳ್ಳಬೇಕು

ಸಣ್ಣ ಕಾಲೇಜಿಗೆ ಹಣ ಬರುವುದು ಎರಡು ದಾರಿಯಲ್ಲಿ. ಅನುದಾನ, ದೇಣಿಗೆ, ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಖರ್ಚು ಮಾಡುವ ಹಣ) ಎಂದು ಒಮ್ಮೆ ಬಂದು ಮುಗಿಯುವ ಇಡಿಗಂಟು ಒಂದು. ಶುಲ್ಕದಿಂದ ವರ್ಷಾ ವರ್ಷ ಸೇರುವ ಹಣ ಇನ್ನೊಂದು. ಏನು ಕೊಳ್ಳಬೇಕು ಎಂದು ಕೇಳುವ ಮೊದಲು ಯಾವ ಹಣದಲ್ಲಿ ಕೊಳ್ಳುತ್ತೇವೆ ಎಂದು ಕೇಳಿಕೊಳ್ಳಬೇಕು. ಇಡಿಗಂಟು ಹತ್ತು ಹದಿನೈದು ವರ್ಷ ಬಾಳುವ ಕೆಲಸಕ್ಕೆ ಹೋಗಲಿ: ಅರ್ಥಿಂಗ್, ವೈರಿಂಗ್, ಕಟ್ಟಡಗಳ ನಡುವಿನ ಫೈಬರ್ (ಗಾಜಿನ ಎಳೆಯ ನೆಟ್‌ವರ್ಕ್ ಕೇಬಲ್). ಇಂಟರ್ನೆಟ್ ಬಿಲ್, ಬ್ಯಾಟರಿ, ಲೈಸೆನ್ಸ್ ನವೀಕರಣ ವರ್ಷದ ಹಣದ ಪಾಲಿಗಿರಲಿ. ಇದು ಅದಲುಬದಲಾದರೆ ನಾಲ್ಕನೇ ವರ್ಷಕ್ಕೆ ಉಳಿಯುವುದು ಲೈಸೆನ್ಸ್ ಮುಗಿದ ಫೈರ್‌ವಾಲ್ (ಹೊರಗಿನ ದಾಳಿಯಿಂದ ನೆಟ್‌ವರ್ಕ್ ಕಾಯುವ ವ್ಯವಸ್ಥೆ), ಐದು ನಿಮಿಷಕ್ಕೆ ಕೂಗಿ ಆರುವ ಯುಪಿಎಸ್, ಬಟ್ಟೆ ಹೊದಿಸಿಟ್ಟ ಸ್ಮಾರ್ಟ್ ಬೋರ್ಡ್.

ಲೆಕ್ಕಕ್ಕೆ ಒಂದು ಕಾಲೇಜನ್ನು ಹೀಗೆ ಇಟ್ಟುಕೊಳ್ಳೋಣ: 400 ವಿದ್ಯಾರ್ಥಿಗಳು, ಬಿ.ಕಾಂ., ಬಿ.ಎ., ಬಿಸಿಎ ತರಗತಿಗಳು, 30 ಆಸನಗಳ ಒಂದು ಲ್ಯಾಬ್, ಕಚೇರಿ ಮತ್ತು ಗ್ರಂಥಾಲಯದಲ್ಲಿ 10 ಕಂಪ್ಯೂಟರ್, 150 ಮೀಟರ್ ದೂರದಲ್ಲಿ ಎರಡು ಕಟ್ಟಡ. ಮಡಿಕೇರಿ, ವಿರಾಜಪೇಟೆ, ನಾಪೋಕ್ಲು ಕಡೆಯ ಮಳೆ. ಕುಶಾಲನಗರದ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ವ್ಯತ್ಯಾಸ ಎಲ್ಲಿ ಮುಖ್ಯವೋ ಅಲ್ಲಿ ಹೇಳಿದೆ.

ಬೆಲೆ ಹೋಲಿಸುವಾಗ ಕೊಟೇಶನ್ನಿನ ಕೊನೆಯ ಸಾಲನ್ನಷ್ಟೇ ನೋಡಬೇಡಿ. ಪ್ರತಿ ಆಯ್ಕೆಗೂ ಐದು ವರ್ಷದ ಒಟ್ಟು ವೆಚ್ಚ ಬರೆಯಿರಿ: ಕೊಳ್ಳುವ ಬೆಲೆ, ಅಳವಡಿಕೆ, ಕರೆಂಟ್, ಬ್ಯಾಟರಿ ಬದಲಾವಣೆ, ಲೈಸೆನ್ಸ್, ವಾರಂಟಿ ಮುಗಿದ ಮೇಲಿನ ಎಎಂಸಿ (ವರ್ಷದ ನಿರ್ವಹಣಾ ಕರಾರು). ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಸಾಮಾನುಗಳ ಮೇಲೆ ಶೇ 18 ಜಿಎಸ್‌ಟಿ ಇದೆ. ಪದವಿ ಶಿಕ್ಷಣದ ಸೇವೆ ಜಿಎಸ್‌ಟಿಯಿಂದ ಹೊರಗಿರುವುದರಿಂದ ಕಾಲೇಜಿಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ, ಅದೂ ಖರ್ಚೇ. 'ತೆರಿಗೆ ಪ್ರತ್ಯೇಕ' ಎಂದು ಸಣ್ಣ ಅಕ್ಷರದಲ್ಲಿ ಬರೆದ 10 ಲಕ್ಷದ ಕೊಟೇಶನ್ 11.80 ಲಕ್ಷದ್ದು.

ಮೊದಲು ಅರ್ಥಿಂಗ್, ಆಮೇಲೆ ಯುಪಿಎಸ್

ಕೊಡಗಿನಲ್ಲಿ ಸಿಡಿಲು ಹೆಚ್ಚಾಗಿ ಬಡಿಯುವುದು ಏಪ್ರಿಲ್-ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಗುಡುಗುಮಳೆಗಳಲ್ಲಿ. ನೆಲ ಒಣಗಿ ಅರ್ಥಿಂಗ್ ತೀರಾ ದುರ್ಬಲವಾಗಿರುವುದೂ ಅದೇ ಹೊತ್ತಿನಲ್ಲಿ. ಮಳೆಗಾಲದಲ್ಲಿ ಅಳೆದಾಗ 3 ಓಮ್ ತೋರಿಸಿದ ಅರ್ಥ್ ಗುಂಡಿ ಮಾರ್ಚ್‌ನಲ್ಲಿ ಅದರ ಎಷ್ಟೋ ಪಟ್ಟು ತೋರಿಸಬಹುದು. ಆದ್ದರಿಂದ ಅರ್ಥ್ ಪರೀಕ್ಷೆಯನ್ನು ಮಾರ್ಚ್‌ನಲ್ಲೇ ಮಾಡಿಸಿ. ಒಣ ನೆಲದಲ್ಲೂ 5 ಓಮ್‌ಗಿಂತ ಕಡಿಮೆ ಇರಬೇಕು. ಬರದಿದ್ದರೆ ಇನ್ನೊಂದು ಗುಂಡಿ ತೋಡಿ ಎರಡನ್ನೂ ಜೋಡಿಸಬೇಕು. ಲ್ಯಾಬಿನ ಪ್ಲಗ್ಗಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಇಟ್ಟು ನೋಡಿ: 3 ವೋಲ್ಟ್ ದಾಟಿದರೆ ವೈರಿಂಗಿನಲ್ಲಿ ದೋಷವಿದೆ.

ಇಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. 'ಕಂಪ್ಯೂಟರಿಗೆ ಬೇರೆಯೇ ಅರ್ಥ್' ಎಂದು ಹೊಸ ಗುಂಡಿ ತೋಡಿ, ಅದನ್ನು ಕಟ್ಟಡದ ಹಳೆಯ ಅರ್ಥಿಗೆ ಜೋಡಿಸದೆ ಬಿಡುತ್ತಾರೆ. ಸಿಡಿಲು ಹತ್ತಿರ ಬಿದ್ದ ಕ್ಷಣ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ. ಒಂದು ತುದಿ ಹಳೆಯ ಅರ್ಥಿಗೂ ಇನ್ನೊಂದು ತುದಿ ಹೊಸದಕ್ಕೂ ಸೇರಿರುವ ಯಂತ್ರದ ಮೂಲಕವೇ ಅದು ಹರಿಯುತ್ತದೆ. ಅರ್ಥಿಂಗಿನ ಭಾರತೀಯ ಸಂಹಿತೆ ಐಎಸ್ 3043 ಹೇಳುವುದೂ ಎಲ್ಲ ಅರ್ಥ್‌ಗಳನ್ನು ಒಂದಕ್ಕೊಂದು ಬೆಸೆಯಬೇಕೆಂದೇ. ಮುಖ್ಯ ಡಿಬಿಯಲ್ಲಿ (ಕರೆಂಟ್ ಹಂಚುವ ಪೆಟ್ಟಿಗೆ) ಟೈಪ್ 2 ಸರ್ಜ್ ಪ್ರೊಟೆಕ್ಟರ್, ಅಂದರೆ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸಾಧನ, ಹಾಕಿಸಿ. ಅದರ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದರೆ ಅದು ತನ್ನ ಕೆಲಸ ಮುಗಿಸಿದೆ ಎಂದರ್ಥ, ಒಳಗಿನ ಕಾರ್ಟ್ರಿಜ್ ಬದಲಿಸಬೇಕು. ಏಪ್ರಿಲ್‌ನಿಂದ ವಾರಕ್ಕೊಮ್ಮೆ ಅದನ್ನು ನೋಡುವ ಕೆಲಸವನ್ನು ಅಟೆಂಡರ್‌ಗೆ ಲಿಖಿತವಾಗಿ ವಹಿಸಿ.

ಇನ್ನು ಬ್ಯಾಕಪ್. ಆಯ್ಕೆ ಮೂರು. ಮನೆ ಬಳಕೆಯ ಇನ್ವರ್ಟರ್ ಅಗ್ಗ, ಬ್ಯಾಟರಿಯೂ ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಆದರೆ ಬರುವ ವೋಲ್ಟೇಜನ್ನು ತಿದ್ದದೆ ಹಾಗೇ ದಾಟಿಸುತ್ತದೆ. ತೋಟಗಳಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಫೆಬ್ರುವರಿ-ಮಾರ್ಚ್‌ನಲ್ಲಿ ಪಂಪುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಕುಸಿಯುವ ಲೈನಿನಲ್ಲಿ ಇದು ಸಾಲದು. ಲೈನ್-ಇಂಟರಾಕ್ಟಿವ್ ಯುಪಿಎಸ್ ಒಳಗೆ ವೋಲ್ಟೇಜ್ ತಿದ್ದುವ ವ್ಯವಸ್ಥೆಯಿದೆ, ಕಚೇರಿಯ ಮೂರು ನಾಲ್ಕು ಯಂತ್ರಕ್ಕೆ ಸಾಕು. ಆನ್‌ಲೈನ್ ಯುಪಿಎಸ್ ಕರೆಂಟನ್ನು ಪೂರ್ತಿ ಡಿಸಿ ಮಾಡಿ ಮತ್ತೆ ಎಸಿ ಮಾಡಿ ಕೊಡುವುದರಿಂದ ಏರಿಳಿತ ಯಂತ್ರಕ್ಕೆ ತಟ್ಟುವುದೇ ಇಲ್ಲ. 30 ಆಸನದ ಲ್ಯಾಬಿಗೂ ನೆಟ್‌ವರ್ಕ್ ರ‍್ಯಾಕಿಗೂ ಇದೇ ಸರಿ.

ಎಷ್ಟು ದೊಡ್ಡದು ಬೇಕು ಎಂಬುದು ನೀವು ಆರಿಸುವ ಕಂಪ್ಯೂಟರಿನ ಮೇಲೆ ನಿಂತಿದೆ. ಹೀಗೆ ಲೆಕ್ಕ ಹಾಕಿ. ಸಾಮಾನ್ಯ ಡೆಸ್ಕ್‌ಟಾಪ್ ಮಾನಿಟರ್ ಸಮೇತ 110 ವ್ಯಾಟ್ ಎಂದರೆ 30ಕ್ಕೆ 3,300 ವ್ಯಾಟ್. ಎರಡು ಗಂಟೆ ಓಡಲು 6,600 ವ್ಯಾಟ್-ಅವರ್ ಬೇಕು. ಯುಪಿಎಸ್ಸಿನ ದಕ್ಷತೆ ಶೇ 85, ಬ್ಯಾಟರಿಯನ್ನು ಶೇ 80ಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಹಾಗಾಗಿ 6,600ನ್ನು 0.68ರಿಂದ ಭಾಗಿಸಿದರೆ ಸುಮಾರು 9,700. ಇದಕ್ಕೆ 5 ಕೆವಿಎ (ಯುಪಿಎಸ್ ಹೊರಬಲ್ಲ ಲೋಡಿನ ಅಳತೆ) ಯುಪಿಎಸ್, 192 ವೋಲ್ಟಿನ ಬ್ಯಾಟರಿ ಬ್ಯಾಂಕ್ (ಸಾಲಾಗಿ ಜೋಡಿಸಿದ ಬ್ಯಾಟರಿಗಳು) ಆದರೆ 12 ವೋಲ್ಟಿನ 65 ಎಎಚ್ (ಆಂಪಿಯರ್-ಅವರ್) ಬ್ಯಾಟರಿ 16. ಅದೇ ಮಿನಿ ಪಿಸಿ ಮತ್ತು ಎಲ್‌ಇಡಿ ಮಾನಿಟರ್ ಸೇರಿ 45 ವ್ಯಾಟ್ ಆದರೆ 30ಕ್ಕೆ 1,350 ವ್ಯಾಟ್, ಬೇಕಾದದ್ದು ಸುಮಾರು 4,000 ವ್ಯಾಟ್-ಅವರ್. 3 ಕೆವಿಎ ಯುಪಿಎಸ್, 96 ವೋಲ್ಟ್ ಬ್ಯಾಂಕ್, ಅದೇ 65 ಎಎಚ್ ಬ್ಯಾಟರಿ 8 ಸಾಕು. ಲೆಕ್ಕಕ್ಕೆ 42 ಎಎಚ್ ಕೂಡ ಸಾಲುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಒಪ್ಪಬೇಡಿ: ಲೆಡ್-ಆಸಿಡ್ ಬ್ಯಾಟರಿಯ ಮೇಲೆ ಬರೆದ ಎಎಚ್ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನದು. ಎರಡು ಗಂಟೆಯಲ್ಲಿ ಹೀರಿದರೆ ಅಷ್ಟು ಸಿಗುವುದಿಲ್ಲ.

ಸೀಲ್ ಮಾಡಿದ ಎಸ್‌ಎಂಎಫ್ ಬ್ಯಾಟರಿ ಮೂರು ವರ್ಷದ ಆಸುಪಾಸು ಬಾಳುತ್ತದೆ. ಟ್ಯೂಬುಲರ್ ಒಂದೆರಡು ವರ್ಷ ಹೆಚ್ಚು ಬಂದರೂ ಡಿಸ್ಟಿಲ್ಡ್ ವಾಟರ್ ಹಾಕುವವರು ಬೇಕು, ಗಾಳಿಯಾಡುವ ಜಾಗವೂ ಬೇಕು. ಲಿಥಿಯಂ ಫಾಸ್ಫೇಟ್ ಬ್ಯಾಟರಿ ಮೊದಲಿಗೆ ದುಬಾರಿ, ಆದರೆ ಎಂಟು ಹತ್ತು ವರ್ಷ ಬರುತ್ತದೆ. ಇಡಿಗಂಟು ಕೈಯಲ್ಲಿದ್ದು ಮುಂದಿನ ವರ್ಷಗಳ ಹಣ ಅನುಮಾನವಾಗಿದ್ದರೆ ಲಿಥಿಯಂ ಆರಿಸಿ. ನಾಲ್ಕನೇ ವರ್ಷದ ಬ್ಯಾಟರಿ ಖರ್ಚನ್ನು ಇಂದಿನ ಅನುದಾನದಲ್ಲೇ ಮುಗಿಸಿದಂತಾಗುತ್ತದೆ. ಯುಪಿಎಸ್ ಆ ಬಗೆಯ ಬ್ಯಾಟರಿಯನ್ನು ಒಪ್ಪುತ್ತದೆಯೇ ಎಂದು ಮಾತ್ರ ಬರಹದಲ್ಲಿ ತೆಗೆದುಕೊಳ್ಳಿ.

ಜೂನ್‌ನಿಂದ ಕಕ್ಕಡದವರೆಗೆ (ಆಗಸ್ಟ್ ಮಧ್ಯದವರೆಗೆ) ಸಿಲ್ವರ್ ಓಕ್ ಮರವೋ ಕೊಂಬೆಯೋ ಲೈನಿನ ಮೇಲೆ ಬಿದ್ದರೆ ಕರೆಂಟ್ ದಿನಗಟ್ಟಲೆ ಹೋಗುವುದುಂಟು. ಅಷ್ಟನ್ನು ಯುಪಿಎಸ್ ತಾಳುವುದಿಲ್ಲ, ತಾಳುವಷ್ಟು ದೊಡ್ಡದು ಕೊಳ್ಳುವುದೂ ಜಾಣತನವಲ್ಲ. ಅಲ್ಲಿ ಜನರೇಟರ್ ಬೇಕು. ಅದು ಯುಪಿಎಸ್ ಕೆವಿಎಯ ಒಂದೂವರೆಯಿಂದ ಎರಡು ಪಟ್ಟು ಇರಲಿ, ಏಕೆಂದರೆ ಲೋಡ್ ಹೊರುವುದರ ಜೊತೆಗೆ ಖಾಲಿಯಾದ ಬ್ಯಾಟರಿಯನ್ನೂ ಅದು ತುಂಬಿಸಬೇಕು. ಜನರೇಟರ್ ಓಡುತ್ತಿದ್ದರೂ ಯುಪಿಎಸ್ ಬ್ಯಾಟರಿಯಲ್ಲೇ ಇದ್ದು ಕೂಗುತ್ತಿದ್ದರೆ ಫ್ರೀಕ್ವೆನ್ಸಿ ಏರಿಳಿತ ಕಾರಣ. ಯುಪಿಎಸ್ಸಿನಲ್ಲಿ ಒಪ್ಪುವ ಫ್ರೀಕ್ವೆನ್ಸಿಯ ವ್ಯಾಪ್ತಿ ಹಿಗ್ಗಿಸಿದರೆ ಸರಿಹೋಗುತ್ತದೆ.

ಸೋಲಾರ್ ಬಗ್ಗೆ ದಾನಿಗಳಿಗೆ ಉತ್ಸಾಹ ಹೆಚ್ಚು. ಎರಡು ಸಂಗತಿ ಅವರಿಗೂ ಹೇಳಿ. ಗ್ರಿಡ್ಡಿಗೆ ಜೋಡಿಸಿದ ಸಾದಾ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ನ ಜೀವ ಕಾಯಲು ಅದನ್ನು ಹಾಗೆಯೇ ಮಾಡಿರುತ್ತಾರೆ. ಕರೆಂಟ್ ಇಲ್ಲದಾಗಲೂ ಓಡಬೇಕಾದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು. ಕರೆಂಟ್ ಹೆಚ್ಚು ಹೋಗುವ ಜುಲೈ-ಆಗಸ್ಟ್‌ನಲ್ಲೇ ಬಿಸಿಲೂ ಇರುವುದಿಲ್ಲ. ಅಂದರೆ ಇಲ್ಲಿ ಸೋಲಾರ್ ಬಿಲ್ ಇಳಿಸಲು ಒಳ್ಳೆಯದು, ಬ್ಯಾಕಪ್ಪಿಗೆ ಅಲ್ಲ. ಕುಶಾಲನಗರದ ಬಯಲಿಗೆ ಹೆಚ್ಚು ಹೊಂದುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ಕಾಲೇಜಿನ ಬಜೆಟ್ಟಿನಲ್ಲಿ ಅದನ್ನು ಸೇರಿಸಬೇಡಿ.

ಎರಡು ಕಟ್ಟಡಗಳ ನಡುವೆ

ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್. 150 ಮೀಟರಿಗೆ ನಡುವೆ ಒಂದು ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳನ್ನು ಜೋಡಿಸುವ ಯಂತ್ರ) ಇಟ್ಟು ಎಳೆಯುವವರಿದ್ದಾರೆ; ಆ ಸ್ವಿಚ್ಚಿಗೆ ಕರೆಂಟ್ ಎಲ್ಲಿಂದ, ಮಳೆಯಿಂದ ರಕ್ಷಣೆ ಹೇಗೆ ಎಂಬುದು ಆಮೇಲೆ ತಲೆನೋವು. ದೂರ 60 ಮೀಟರೇ ಇದ್ದರೂ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಬೇಡ. ಸಿಡಿಲಿನ ಹೊಡೆತ ಅದರಲ್ಲೇ ಹರಿದು ಎರಡೂ ಕಡೆಯ ಸ್ವಿಚ್ಚುಗಳನ್ನು ಸುಡುತ್ತದೆ. ಫೈಬರ್ ಗಾಜಾದ್ದರಿಂದ ಆ ಭಯವಿಲ್ಲ, ಕೇಬಲ್ ಒಳಗೆ ಲೋಹ ಇಲ್ಲದಿದ್ದರೆ ಮಾತ್ರ. ಆರ್ಮರ್ಡ್ ಕೇಬಲ್ ಇಲಿ, ಹೆಗ್ಗಣಕ್ಕೆ ಒಳ್ಳೆಯದು, ಆದರೆ ಅದರ ಉಕ್ಕಿನ ಹೊದಿಕೆ ಸಿಡಿಲನ್ನು ರ‍್ಯಾಕಿನವರೆಗೆ ತರಬಲ್ಲದು. ಕಟ್ಟಡದ ಬಾಗಿಲಲ್ಲೇ ಆ ಹೊದಿಕೆ ಕತ್ತರಿಸಿ ಅರ್ಥ್ ಮಾಡಿಸಬೇಕು. ಇದನ್ನು ಕೆಲಸದ ಆದೇಶದಲ್ಲಿ ಬರೆಯದಿದ್ದರೆ ಯಾರೂ ಮಾಡುವುದಿಲ್ಲ.

ಆರು ಎಳೆಯ ಸಿಂಗಲ್ ಮೋಡ್ ಫೈಬರ್ ಹಾಕಿಸಿ. ಬೇಕಾದದ್ದು ಎರಡೇ ಎಳೆ. ಉಳಿದ ನಾಲ್ಕಕ್ಕೆ ಆಗುವ ಹೆಚ್ಚುವರಿ ಖರ್ಚು ಅತಿ ಕಡಿಮೆ, ಚರಂಡಿ ತೋಡುವ ಕೂಲಿಯೇ ದೊಡ್ಡದು. ಎಚ್‌ಡಿಪಿಇ ಪೈಪಿನಲ್ಲಿ, ಎರಡೂವರೆ ಮೂರು ಅಡಿ ಆಳದಲ್ಲಿ, ನೀರು ಹರಿಯುವ ಇಳಿಜಾರನ್ನು ತಪ್ಪಿಸಿ ಹೋಗಲಿ. ಎರಡೂ ತುದಿಯಲ್ಲಿ ಹತ್ತು ಮೀಟರ್ ಸುರುಳಿ ಸುತ್ತಿಡಿ: ಮಣ್ಣು ಜರಿದು ಕೇಬಲ್ ತುಂಡಾದರೆ ಎಳೆದು ಮತ್ತೆ ಬೆಸೆಯಲು ಅದೇ ಆಧಾರ. ಅಗೆತ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು.

ಅಗೆಯಲಾಗದ ಜಾಗದಲ್ಲಿ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್ (ಎರಡು ಕಟ್ಟಡಗಳನ್ನು ರೇಡಿಯೋ ಮೂಲಕ ಜೋಡಿಸುವ ಸಾಧನ) ಒಂದು ಪರ್ಯಾಯ. ಮಂಜಿಗೆ ಸಿಗ್ನಲ್ ಹೋಗುತ್ತದೆ ಎಂಬ ಮಾತು ಕೇಳಿಬರುತ್ತದೆ; 5 ಗಿಗಾಹರ್ಟ್ಸ್‌ಗೆ ಮಂಜು ಲೆಕ್ಕಕ್ಕಿಲ್ಲ. ಅಡ್ಡ ಬರುವುದು ನೆನೆದ ಎಲೆ. ಬೇಸಿಗೆಯಲ್ಲಿ ಮರದ ಕೊಂಬೆಗಳ ಸಂದಿಯಿಂದ ಚೆನ್ನಾಗಿ ನಡೆದ ಲಿಂಕ್ ಜೂನ್‌ನಲ್ಲಿ ಕುಂಟುತ್ತದೆ. ನೇರ ನೋಟ ಪೂರ್ತಿ ಬಿಡುವಾಗಿದ್ದರೆ ಮಾತ್ರ ಇದನ್ನು ಆರಿಸಿ.

ಲ್ಯಾಬಿನ 30 ಯಂತ್ರಗಳಿಗೆ ವೈ-ಫೈ ಬೇಡ, ಕ್ಯಾಟ್-6 ತಂತಿಯೇ ಇರಲಿ. 305 ಮೀಟರಿನ ಬಾಕ್ಸ್ ಬರುತ್ತದೆ. ಒಂದು ಪಾಯಿಂಟಿಗೆ ಸರಾಸರಿ 20 ಮೀಟರ್ ಹಿಡಿದರೆ 30 ಪಾಯಿಂಟಿಗೆ ಎರಡು ಬಾಕ್ಸ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಕಡಿಮೆ ಬೆಲೆಗೆ ಸಿಗುತ್ತದೆ, ಅದರ ತುದಿಗಳು ತೇವದಲ್ಲಿ ಬೇಗ ಕೆಡುತ್ತವೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೂ ಕೆಂಪಾಗಿದ್ದರೆ ಶುದ್ಧ ತಾಮ್ರ, ಬೆಳ್ಳಗಾದರೆ ವಾಪಸ್ ಕಳಿಸಿ.

ಇಂಟರ್ನೆಟ್: ಒಂದು ದುಬಾರಿ ಲೈನೋ, ಎರಡು ಸಾದಾ ಲೈನೋ?

ಪದವಿ ಕಾಲೇಜಿನಲ್ಲಿ ನೆಟ್ ನಿಲ್ಲಬಾರದ ಜಾಗ ಲ್ಯಾಬ್ ಅಲ್ಲ, ಕಚೇರಿ. ಪ್ರವೇಶ, ಪರೀಕ್ಷಾ ಶುಲ್ಕ, ಆಂತರಿಕ ಅಂಕ ಎಲ್ಲವೂ ವಿಶ್ವವಿದ್ಯಾಲಯಗಳ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ, ವಿದ್ಯಾರ್ಥಿವೇತನ ರಾಜ್ಯದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಕೊನೆಯ ದಿನಾಂಕಕ್ಕೆ ಮಳೆಯ ರಿಯಾಯಿತಿ ಇರುವುದಿಲ್ಲ.

ಲೀಸ್ಡ್ ಲೈನ್ ಎಂದರೆ ಹೇಳಿದ ವೇಗ ನಿಮ್ಮೊಬ್ಬರಿಗೇ, ಅಪ್‌ಲೋಡ್ ಕೂಡ ಅಷ್ಟೇ, ಕೆಟ್ಟರೆ ಇಷ್ಟು ಗಂಟೆಯಲ್ಲಿ ಸರಿಪಡಿಸುವ ಕರಾರು, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ). ಬೆಲೆ ಸಾದಾ ಎಫ್‌ಟಿಟಿಎಚ್‌ನ (ಮನೆಗಳಿಗೆ ಬರುವ ಫೈಬರ್ ಇಂಟರ್ನೆಟ್) ಹಲವು ಪಟ್ಟು, ಅದೂ ಪ್ರತಿ ವರ್ಷ. ನಮ್ಮ ಗುಡ್ಡಗಳಲ್ಲಿ ಲೀಸ್ಡ್ ಲೈನಿನ ಫೈಬರ್ ಕೂಡ ಬಹುಪಾಲು ಅದೇ ಕಂಬಗಳ ಮೇಲೆಯೇ ಬರುತ್ತದೆ. ಮರ ಬಿದ್ದಾಗ ಕರಾರು ತಂತಿಯನ್ನು ಎತ್ತಿ ಹಿಡಿಯುವುದಿಲ್ಲ. ಆದ್ದರಿಂದ ಆನ್‌ಲೈನ್ ಪರೀಕ್ಷಾ ಕೇಂದ್ರ ನಡೆಸದ ಸಣ್ಣ ಕಾಲೇಜಿಗೆ ಎರಡು ಬೇರೆ ಕಂಪನಿಯ ಎಫ್‌ಟಿಟಿಎಚ್, ಜೊತೆಗೆ ಕಚೇರಿಗೆ ಮಾತ್ರ ಒಂದು ಸಿಮ್ ರೂಟರ್ ಹೆಚ್ಚು ಗಟ್ಟಿ.

ಬೇರೆ ಕಂಪನಿ ಎಂದ ಮಾತ್ರಕ್ಕೆ ಬೇರೆ ದಾರಿ ಎಂದಲ್ಲ. ಗೇಟಿನಿಂದ ಹೊರಟು ಎರಡೂ ಕೇಬಲ್ ಯಾವ ಕಂಬಗಳ ಮೇಲೆ ಹೋಗುತ್ತವೆ ಎಂದು ಒಂದು ಕಿಲೋಮೀಟರ್ ನಡೆದು ನೋಡಿ. ಒಂದೇ ಸಾಲಿನಲ್ಲಿದ್ದರೆ ಎರಡೂ ಒಂದೇ ಕೊಂಬೆಗೆ ಹೋಗುತ್ತವೆ. ಎರಡನೆಯದು ಇನ್ನೊಂದು ರಸ್ತೆಯಿಂದ ಬರಲಿ, ಇಲ್ಲವೇ ಅದರ ಬದಲು ಟವರ್ ಕಾಣುವ ಚಾವಣಿಯ ಮೇಲೆ ಹೊರಗಿನ ಆಂಟೆನಾ ಇರುವ 4ಜಿ ಅಥವಾ 5ಜಿ ರೂಟರ್ ಹಾಕಿ. ಇನ್ನೊಂದು ಪ್ರಶ್ನೆಯನ್ನು ಕಂಪನಿಗೆ ಕಡ್ಡಾಯವಾಗಿ ಕೇಳಿ: ಕರೆಂಟ್ ಹೋದರೆ ನಿಮ್ಮ ಕಡೆಯ ಯಂತ್ರ ಎಷ್ಟು ಗಂಟೆ ಓಡುತ್ತದೆ? ಕಾಲೇಜಿನಲ್ಲಿ ಯುಪಿಎಸ್ ಇದ್ದು, ಊರಿನ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಮುಗಿದಿದ್ದರೆ ಪ್ರಯೋಜನವಿಲ್ಲ.

ಎಫ್‌ಟಿಟಿಎಚ್ ಯೋಜನೆಗಳಲ್ಲಿ ತಿಂಗಳ ಡೇಟಾ ಮಿತಿ ನೋಡಿ. 'ಅನ್‌ಲಿಮಿಟೆಡ್' ಎಂದಿದ್ದರೂ 3,300 ಜಿಬಿ ಸುಮಾರಿಗೆ ವೇಗ ಕೆಲವೇ ಎಂಬಿಪಿಎಸ್‌ಗೆ ಇಳಿಯುವ ಯೋಜನೆಗಳು ಸಾಮಾನ್ಯ. 200 ವಿದ್ಯಾರ್ಥಿಗಳು ದಿನಕ್ಕೆ ಒಂದೊಂದು ಜಿಬಿ, ತಿಂಗಳಿಗೆ 25 ದಿನ ಬಳಸಿದರೆ 5,000 ಜಿಬಿ. ಬಳಕೆಯ 17ನೇ ದಿನದ ಹೊತ್ತಿಗೇ ಮಿತಿ ಮುಗಿದು, ಕಚೇರಿಯ ಪುಟವೂ ತೆರೆಯದು. ರೂಟರಿನಲ್ಲಿ ಒಬ್ಬೊಬ್ಬರಿಗೆ 2-3 ಎಂಬಿಪಿಎಸ್ ಮಿತಿ ಹಾಕಿ. ಕಚೇರಿ, ಲ್ಯಾಬ್, ವಿದ್ಯಾರ್ಥಿ ವೈ-ಫೈ, ಸಿಸಿಟಿವಿ ನಾಲ್ಕನ್ನೂ ಬೇರೆ ಬೇರೆ ವಿಎಲ್ಯಾನ್ (ಒಂದೇ ನೆಟ್‌ವರ್ಕಿನೊಳಗಿನ ಪ್ರತ್ಯೇಕ ಜಾಲ) ಮಾಡಿ, ಕಚೇರಿಗೆ ಮೊದಲ ಆದ್ಯತೆ ಕೊಡಿ.

ಎರಡು ಲೈನ್ ಜೋಡಿಸುವ ರೂಟರಿನಲ್ಲಿ ಲೋಡ್ ಬ್ಯಾಲೆನ್ಸ್ (ಎರಡೂ ಲೈನನ್ನು ಒಟ್ಟಿಗೆ ಬಳಸುವುದು), ಫೇಲ್‌ಓವರ್ (ಒಂದು ಕೆಟ್ಟರೆ ಮಾತ್ರ ಇನ್ನೊಂದಕ್ಕೆ ಹೋಗುವುದು) ಎಂಬ ಎರಡು ಬಗೆ ಇವೆ. ಕಚೇರಿಗೆ ಫೇಲ್‌ಓವರ್ ಮಾತ್ರ ಇಡಿ. ಲೋಡ್ ಬ್ಯಾಲೆನ್ಸಿನಲ್ಲಿ ಒಂದೇ ಲಾಗಿನ್‌ನ ನಡುವೆ ಐಪಿ ಬದಲಾಗಿ, ಅಂಕ ತುಂಬುತ್ತಿರುವಾಗಲೋ ಬ್ಯಾಂಕ್ ಪಾವತಿಯ ನಡುವೆಯೋ ಪೋರ್ಟಲ್ ಹೊರದಬ್ಬುತ್ತದೆ. ಪೋರ್ಟಲ್ ಸರಿಯಿಲ್ಲ ಎಂದು ದೂರುವ ಮೊದಲು ಈ ಸೆಟ್ಟಿಂಗ್ ನೋಡಿ.

ಲ್ಯಾಬಿಗೆ ಯಾವ ಯಂತ್ರ?

ಟವರ್ ಡೆಸ್ಕ್‌ಟಾಪಿನ ದೊಡ್ಡ ಗುಣ ರಿಪೇರಿ ಸುಲಭ ಎಂಬುದು, ಅದೂ ಒಳಗೆ ಸಾಮಾನ್ಯ ಅಳತೆಯ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ) ಇದ್ದರೆ. ಕೆಲವು ಬ್ರ್ಯಾಂಡ್‌ಗಳ ಎಸ್‌ಎಂಪಿಎಸ್ ಅವರದೇ ಆಕಾರದ್ದು. ಮಡಿಕೇರಿಯ ಅಂಗಡಿಯಲ್ಲಿ ಸಿಗದೆ ಮೈಸೂರಿನಿಂದ ತರಿಸಬೇಕು. ಟವರಿನ ದೋಷ ಕರೆಂಟ್ ಹೆಚ್ಚು ತಿನ್ನುವುದು, ಫ್ಯಾನ್ ಮೂಲಕ ತೇವದ ಗಾಳಿ ಒಳಗೆಳೆಯುವುದು. ಮಳೆಗಾಲದ ರಜೆ ಮುಗಿಸಿ ಬಂದಾಗ ಯಂತ್ರ ಬೀಪ್ ಮಾಡಿ ನಿಂತರೆ ಹೆಚ್ಚಿನ ಸಲ ಅದು ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿನ ಮೇಲಿನ ಮಬ್ಬು. ರ‍್ಯಾಮ್ ತೆಗೆದು, ಬರೆಯುವ ಪೆನ್ಸಿಲ್ಲಿನ ರಬ್ಬರಿನಿಂದ ಅಂಚನ್ನು ಮೆಲ್ಲಗೆ ಉಜ್ಜಿ, ಒಣ ಬ್ರಷ್‌ನಿಂದ ಪುಡಿ ತೆಗೆದು, ಕ್ಲಿಕ್ ಎನ್ನುವವರೆಗೆ ಮತ್ತೆ ಒತ್ತಿದರೆ ಯಂತ್ರ ಏಳುತ್ತದೆ. ರಜೆಯಲ್ಲೂ ವಾರಕ್ಕೆರಡು ಸಲ ಅರ್ಧ ಗಂಟೆ ಎಲ್ಲ ಯಂತ್ರ ಓಡಿಸಿದರೆ ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಮಡಿಕೇರಿಯ ಲ್ಯಾಬಿಗೆ ಎಸಿಗಿಂತ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹೆಚ್ಚು ಉಪಯುಕ್ತ. ಪ್ರೊಜೆಕ್ಟರ್ ಲೆನ್ಸಿಗೆ ಬೂಸ್ಟು ಹಿಡಿಯುವುದನ್ನೂ ಅದು ತಡೆಯುತ್ತದೆ.

ಮಿನಿ ಪಿಸಿ ನಮ್ಮ ಮೊದಲ ಶಿಫಾರಸು. ಮಾನಿಟರಿನ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಬಹುದು, ಯುಪಿಎಸ್ ಖರ್ಚು ಮೇಲೆ ಹೇಳಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆ. ಇದರಲ್ಲಿ ಕೆಡುವುದು ಹೊರಗಿನ ಅಡಾಪ್ಟರ್. 30ಕ್ಕೆ ಮೂರು ಅಡಾಪ್ಟರ್ ಹೆಚ್ಚುವರಿಯಾಗಿ ಅದೇ ಬಿಲ್ಲಿನಲ್ಲಿ ಕೊಳ್ಳಿ. ಸುಲಭವಾಗಿ ಕೈಚೀಲಕ್ಕೆ ಇಳಿಯುವ ಗಾತ್ರವಾದ್ದರಿಂದ ಲಾಕ್ ಕೇಬಲ್ ಕೂಡ ಬೇಕು.

ಲ್ಯಾಪ್‌ಟಾಪ್‌ಗೆ ಸ್ವಂತ ಬ್ಯಾಟರಿ ಇರುವುದರಿಂದ ಯುಪಿಎಸ್ ಬೇಡ ಎನಿಸುತ್ತದೆ. ದಿನವಿಡೀ ಚಾರ್ಜರಿಗೆ ಸಿಕ್ಕಿಸಿಟ್ಟರೆ ಎರಡು ಮೂರು ವರ್ಷದಲ್ಲಿ ಆ ಬ್ಯಾಟರಿ ಉಬ್ಬಬಹುದು, ಕೀಲಿಮಣೆ ಕೆಟ್ಟರೆ ಬದಲಿಸುವ ಖರ್ಚು ದೊಡ್ಡದು. ಅಧ್ಯಾಪಕರಿಗೆ ಸರಿ, ಲ್ಯಾಬಿಗೆ ಬೇಡ. ಒಂದು ಸರ್ವರಿಗೆ 30 ಥಿನ್ ಕ್ಲೈಂಟ್ (ಸರ್ವರನ್ನೇ ನಂಬಿ ನಡೆಯುವ ಸಣ್ಣ ಯಂತ್ರ) ಜೋಡಿಸುವ ವ್ಯವಸ್ಥೆ ಕಾಗದದ ಮೇಲೆ ಅಗ್ಗ. ಆ ಸರ್ವರ್ ಕೆಟ್ಟ ದಿನ ಇಡೀ ಲ್ಯಾಬ್ ಬಂದ್.

ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳು ದೇಣಿಗೆಯಾಗಿಯೋ ರಿಫರ್ಬಿಶ್ಡ್ ಎಂದೋ ಬರುತ್ತವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಅದಕ್ಕಿಂತ ಹಳೆಯವು ಉಚಿತವೆಂದರೂ ವಿಂಡೋಸ್ ಬೇಕಾದ ಬಿ.ಕಾಂ.ನ ಟ್ಯಾಲಿಗೆ ಸುರಕ್ಷಿತವಲ್ಲ. ಆದರೆ ಎಸ್‌ಎಸ್‌ಡಿ ಹಾಕಿ, 8 ಜಿಬಿ ರ‍್ಯಾಮ್ ತುಂಬಿ, ವಿಂಡೋಸ್ ಬದಲಿಗೆ ಉಚಿತ ಉಬುಂಟು ಕೂರಿಸಿದರೆ ಬಿಸಿಎ ಮಕ್ಕಳ ಪೈಥಾನ್, ಜಾವಾ, ಡೇಟಾಬೇಸ್ ಪಾಠಕ್ಕೆ ಚೆನ್ನಾಗಿ ನಡೆಯುತ್ತವೆ. ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಕೇಳಿ: ಎಲ್ಲವೂ ಒಂದೇ ಮಾದರಿಯೇ, ಅಡಾಪ್ಟರ್ ಜೊತೆಗಿದೆಯೇ, ಡಿಸ್ಕ್ ತೆಗೆದು ಕೊಡುತ್ತಾರೆಯೇ. ಕಂಪನಿಗಳು ಮಾಹಿತಿ ಸೋರದಂತೆ ಡಿಸ್ಕ್ ತೆಗೆದೇ ಕೊಡುವುದು ರೂಢಿ, ಆಗ 30 ಎಸ್‌ಎಸ್‌ಡಿ ಬೆಲೆ ನಿಮ್ಮದು. ಹತ್ತು ಬಗೆಯ 30 ಯಂತ್ರಕ್ಕಿಂತ ಒಂದೇ ಬಗೆಯ 20 ಯಂತ್ರ ಮೇಲು: ಒಂದನ್ನು ಸಿದ್ಧಮಾಡಿ ಕ್ಲೋನೆಜಿಲ್ಲಾದಿಂದ ಉಳಿದವಕ್ಕೆ ನಕಲು ತೆಗೆಯಬಹುದು, ಒಂದು ಕೆಟ್ಟರೆ ಅದರ ಭಾಗ ಇನ್ನೊಂದಕ್ಕೆ ಆಗುತ್ತದೆ.

ಹೊಸದು ಕೊಳ್ಳುವಾಗ ಕಚೇರಿ, ಟ್ಯಾಲಿಗೆ 8 ಜಿಬಿ ಸಾಕು. ಆಂಡ್ರಾಯ್ಡ್ ಸ್ಟುಡಿಯೋ ಕಲಿಸುವ ಲ್ಯಾಬಿಗೆ 16 ಜಿಬಿ. ಮೂರರ ಬದಲು ಐದು ವರ್ಷದ ಆನ್‌ಸೈಟ್ ವಾರಂಟಿಯನ್ನು ಖರೀದಿ ಬಿಲ್ಲಿನಲ್ಲೇ ಸೇರಿಸಿದರೆ ವರ್ಷದ ಎಎಂಸಿ ಖರ್ಚು ಇಡಿಗಂಟಿನೊಳಗೆ ಹೋಗುತ್ತದೆ. ಆದರೆ 'ಮರುದಿನವೇ ಇಂಜಿನಿಯರ್' ಎಂಬ ಮಾತು ಮೈಸೂರು ನಗರದೊಳಗೆ ಸರಿ. ಮಡಿಕೇರಿಗೆ ಅಲ್ಲಿಂದ 120 ಕಿ.ಮೀ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಬಂದ್ ಆದಾಗ ಮಂಗಳೂರಿನ ಕಡೆಯ ದಾರಿಯೇ ಇರಲಿಲ್ಲ. ಹತ್ತು ಯಂತ್ರಕ್ಕೆ ಒಂದರಂತೆ ಬದಲಿ ಯಂತ್ರ ಸ್ಟೋರಿನಲ್ಲಿರಲಿ.

ಸರ್ವರ್, ಫೈರ್‌ವಾಲ್

ದೊಡ್ಡ ಸರ್ವರ್ ಬೇಡ. ಇಮೇಲ್ ಮತ್ತು ಕಡತಗಳಿಗೆ ಗೂಗಲ್ ವರ್ಕ್‌ಸ್ಪೇಸ್‌ನ ಶಿಕ್ಷಣ ಆವೃತ್ತಿ ಅರ್ಹ ಸಂಸ್ಥೆಗಳಿಗೆ ಉಚಿತ, ಇಡೀ ಸಂಸ್ಥೆಗೆ 100 ಟಿಬಿ ಜಾಗ. ಅದಕ್ಕೆ ಕಾಲೇಜಿನ ಹೆಸರಿನ ಡೊಮೈನ್ ಬೇಕು; ಎಸಿ ಡಾಟ್ ಇನ್ ಡೊಮೈನ್ ಕೊಡುವುದು ಅರ್ನೆಟ್ ಇಂಡಿಯಾ. ಗ್ರಂಥಾಲಯದ ಪುಸ್ತಕ ಲೆಕ್ಕವಿಡುವ ತಂತ್ರಾಂಶ ಕೋಹಾ ಮಾತ್ರ ಕಾಲೇಜಿನೊಳಗಿನ ಒಂದು ಮಿನಿ ಪಿಸಿಯಲ್ಲಿರಲಿ, ನೆಟ್ ಇಲ್ಲದ ದಿನವೂ ಪುಸ್ತಕ ಕೊಡಬೇಕು. ಅದರ ಬ್ಯಾಕಪ್ ರಾತ್ರಿ ತಾನೇ ಹೊರಗಿನ ಡಿಸ್ಕಿಗೂ ಕ್ಲೌಡಿಗೂ ಹೋಗಲಿ.

ಫೈರ್‌ವಾಲ್ ವಿಷಯದಲ್ಲಿ ಉಚಿತ ತಂತ್ರಾಂಶ ಒಪಿಎನ್‌ಸೆನ್ಸ್ ಒಂದೆಡೆ, ವರ್ಷದ ಲೈಸೆನ್ಸ್ ಇರುವ ಪೆಟ್ಟಿಗೆ ಇನ್ನೊಂದೆಡೆ. ಒಪಿಎನ್‌ಸೆನ್ಸ್ ನಡೆಸಬಲ್ಲ ಇಬ್ಬರು ಕಾಲೇಜಿನಲ್ಲಿದ್ದರೆ ಮೊದಲನೆಯದು. ಒಬ್ಬರೇ ಇದ್ದು, ಅವರು ಅತಿಥಿ ಉಪನ್ಯಾಸಕರಾದರೆ ಎರಡನೆಯದು, ಲೈಸೆನ್ಸ್ ಮೂರು ವರ್ಷಕ್ಕೆ ಒಟ್ಟಿಗೆ. ಯಾವುದನ್ನು ಆರಿಸಿದರೂ ಬಳಕೆಯ ದಾಖಲೆ (ಲಾಗ್) 180 ದಿನ ಉಳಿಯಬೇಕು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿರುವ ಅವಧಿ ಅದು.

ಯಾವ ಹಣ ಯಾವುದಕ್ಕೆ

ಉನ್ನತ ಶಿಕ್ಷಣಕ್ಕೆ ಅನುದಾನ ಕೊಡಲು 2013ರಲ್ಲಿ ಶುರುವಾದ ಕೇಂದ್ರದ ಯೋಜನೆ ರೂಸಾ 2023ರಿಂದ ಪಿಎಂ-ಉಷಾ ಆಗಿದೆ. ಕೇಂದ್ರ ಮತ್ತು ರಾಜ್ಯದ ಪಾಲು 60:40. ಕಾಲೇಜುಗಳನ್ನು ಬಲಪಡಿಸುವ ವಿಭಾಗದಲ್ಲಿ 2025-26ರವರೆಗಿನ ಅವಧಿಗೆ ಒಂದು ಕಾಲೇಜಿಗೆ 5 ಕೋಟಿ ರೂಪಾಯಿವರೆಗೆ ಇಟ್ಟಿದ್ದರು. ಅರ್ಜಿ ರಾಜ್ಯದ ಮೂಲಕವೇ ಹೋಗಬೇಕು. ಕರೆ ಬಂದಾಗ ಯೋಜನಾ ವರದಿ ಬರೆಯಲು ಕೂತರೆ ಸಮಯ ಸಾಲದು; ಮೇಲಿನ ವ್ಯಾಟ್, ಮೀಟರ್, ಪಾಯಿಂಟ್ ಲೆಕ್ಕಗಳನ್ನು ಮೊದಲೇ ಸಿದ್ಧವಿಡಿ.

ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಸಂಸದರ ನಿಧಿ ಬಾಳುವ ಆಸ್ತಿಗೆ ಮಾತ್ರ, ತಿಂಗಳ ಬಿಲ್ಲಿಗಲ್ಲ. ಜನರೇಟರ್, ಫೈಬರ್, ಲ್ಯಾಬ್ ಯಂತ್ರಗಳಿಗೆ ಕೇಳಿ. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರಾದ್ದರಿಂದ ಸಭೆಯ ನಡಾವಳಿಯಲ್ಲಿ ಬೇಡಿಕೆ ದಾಖಲಾಗಿರಲಿ.

ಸಿಎಸ್‌ಆರ್ ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ನಿನದು: ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಇರುವ ಕಂಪನಿ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಖರ್ಚು ಮಾಡಬೇಕು, ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಟ್ಟು. ಜಿಲ್ಲೆಯಲ್ಲಿ ತೋಟ, ಕಾಫಿ ಕ್ಯೂರಿಂಗ್, ರೆಸಾರ್ಟ್ ನಡೆಸುವ ದೊಡ್ಡ ಕಂಪನಿಗಳಿಗೆ ಈ ಮಾತು ನೆನಪಿಸಿ ಪತ್ರ ಬರೆಯಬಹುದು. ಹಣ ಪಡೆಯುವ ಟ್ರಸ್ಟ್ ಅಥವಾ ಸೊಸೈಟಿಗೆ ಸಿಎಸ್‌ಆರ್-1 ನೋಂದಣಿ ಇರಬೇಕು. ಇಲ್ಲೊಂದು ಒಳ್ಳೆಯ ಅವಕಾಶವಿದೆ: 'ಮುಂದುವರಿಯುವ ಯೋಜನೆ' ಎಂದು ಮಂಜೂರಾದರೆ ಆರಂಭದ ವರ್ಷ ಬಿಟ್ಟು ಮೂರು ವರ್ಷದವರೆಗೆ ಖರ್ಚು ಹರಡಬಹುದು. ಅಂದರೆ ಇಂಟರ್ನೆಟ್, ಎಎಂಸಿ, ತಂತ್ರಜ್ಞರ ಸಂಬಳಕ್ಕೂ ಕೇಳಬಹುದು. ಬೇರೆ ಯಾವ ಮೂಲವೂ ಇಷ್ಟು ಸುಲಭವಾಗಿ ಕೊಡದ ಹಣ ಇದು. ಇದನ್ನು ಯಂತ್ರಕ್ಕೆ ಸುರಿಯಬೇಡಿ.

ಹಳೆ ವಿದ್ಯಾರ್ಥಿಗಳನ್ನು ಕೇಳುವ ಕಾಲ ಕಾಫಿ ಕುಯ್ಲು ಮುಗಿದು ಹಣ ಕೈಸೇರುವ ಫೆಬ್ರುವರಿಯಿಂದ ಏಪ್ರಿಲ್. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ತೆರಿಗೆ ರಿಯಾಯಿತಿ ಇಲ್ಲ, ಬ್ಯಾಂಕ್ ಮೂಲಕವೇ ಪಡೆಯಿರಿ. ಹೊರದೇಶದಲ್ಲಿರುವವರ ವಿಷಯದಲ್ಲಿ ಜಾಗ್ರತೆ ಬೇಕು: ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಮತ್ತು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆ ಬೇಕು. ಅದಿಲ್ಲದೆ ಒಂದು ರೂಪಾಯಿಯನ್ನೂ ಕಾಲೇಜಿನ ಮಾಮೂಲಿ ಖಾತೆಗೆ ಹಾಕಿಸಿಕೊಳ್ಳಬೇಡಿ.

ಯಾವ ಇಡಿಗಂಟೂ ಸಿಗದ ಖಾಸಗಿ ಕಾಲೇಜಿಗೆ ಮೂರು ವರ್ಷದ ಬಾಡಿಗೆ ಒಂದು ದಾರಿ. ಒಟ್ಟು ಕೊಡುವುದು ಹೆಚ್ಚು, ಬಾಡಿಗೆಯ ಮೇಲೂ ಜಿಎಸ್‌ಟಿ. ಆದರೆ ಕೆಟ್ಟ ಯಂತ್ರ ಬದಲಿಸುವ ಹೊಣೆ ಬಾಡಿಗೆಗೆ ಕೊಟ್ಟವರದು. ಕೊಂಡಿದ್ದರೆ ಮೊದಲ ವರ್ಷದಿಂದಲೇ ಐದನೇ ಒಂದು ಭಾಗ ತೆಗೆದಿಡಿ: ಯಂತ್ರಕ್ಕೆ 40,000 ಎಂದು ಹಿಡಿದರೆ 30ಕ್ಕೆ 12 ಲಕ್ಷ, ವರ್ಷಕ್ಕೆ 2.40 ಲಕ್ಷ, 400 ವಿದ್ಯಾರ್ಥಿಗಳಿಗೆ ತಲಾ 600 ರೂಪಾಯಿ. ಶುಲ್ಕವನ್ನು ಇಲಾಖೆಯೇ ನಿಗದಿ ಮಾಡುವ ಸರ್ಕಾರಿ ಕಾಲೇಜಿನಲ್ಲಿ ಇದು ಸಾಧ್ಯವಾಗದು, ಹಾಗಾಗಿ ಅಲ್ಲಿ ದೀರ್ಘ ವಾರಂಟಿ, ಲಿಥಿಯಂ ಬ್ಯಾಟರಿ, ಲೈಸೆನ್ಸ್ ಇಲ್ಲದ ತಂತ್ರಾಂಶಕ್ಕೆ ಇನ್ನೂ ಹೆಚ್ಚು ತೂಕ ಕೊಡಬೇಕು.

ಬಿಲ್ ಪಾವತಿಗೆ ಮುಂಚೆ

ಸರ್ಕಾರಿ ಹಣವಾದರೆ ಸರ್ಕಾರಿ ಖರೀದಿಯ ಪಾರದರ್ಶಕತೆಗಾಗಿ ಇರುವ ರಾಜ್ಯದ ಕೆಟಿಪಿಪಿ ಕಾಯ್ದೆ 1999ರ ಪ್ರಕಾರ ಖರೀದಿ, ದಾಸ್ತಾನು ಪುಸ್ತಕದಲ್ಲಿ ಸೀರಿಯಲ್ ನಂಬರ್ ಸಮೇತ ದಾಖಲೆ, ಆಮೇಲೆ ಬಳಕೆ ಪ್ರಮಾಣಪತ್ರ. ಹಣ ಫೆಬ್ರುವರಿಯಲ್ಲಿ ಬಂದು ಮಾರ್ಚ್ 31ರೊಳಗೆ ಮುಗಿಸಿ ಎಂದಾಗ ಅಗೆತ, ಅರ್ಥಿಂಗ್ ಬಿಟ್ಟು ಪೆಟ್ಟಿಗೆಯಲ್ಲಿ ಬರುವ ಸಾಮಾನನ್ನಷ್ಟೇ ಕೊಳ್ಳುವ ಒತ್ತಡ ಏಳುತ್ತದೆ. ನಕ್ಷೆ, ಅಂದಾಜು ಪಟ್ಟಿ ಡಿಸೆಂಬರಿನಲ್ಲೇ ತಯಾರಿದ್ದರೆ ಎರಡೂ ಆಗುತ್ತವೆ.

ಒಪ್ಪಿಕೊಳ್ಳುವ ದಿನ 30 ಯಂತ್ರವನ್ನೂ ಹಾಕಿ, ಮೈನ್ ಇಳಿಸಿ, ಗಡಿಯಾರ ನೋಡಿ. ಎರಡು ಗಂಟೆ ಎಂದು ಬರೆದುಕೊಟ್ಟ ಯುಪಿಎಸ್ ಒಂದೂವರೆ ಗಂಟೆಗೆ ಆರಿದರೆ ಅಲ್ಲೇ ಬರೆದು ಸಹಿ ಹಾಕಿಸಿ. ಪ್ರತಿ ನೆಟ್‌ವರ್ಕ್ ಪಾಯಿಂಟಿನ ಪರೀಕ್ಷಾ ವರದಿ, ಅರ್ಥ್ ವರದಿ, ಎಲ್ಲ ಪಾಸ್‌ವರ್ಡ್‌ಗಳ ಮುಚ್ಚಿದ ಲಕೋಟೆ ಪ್ರಾಂಶುಪಾಲರ ಕೈಸೇರಲಿ. ವರ್ಷಾಂತ್ಯದ ಕಾರಣ ಪೂರ್ತಿ ಹಣ ಕೊಡಲೇಬೇಕಾದರೆ ಅದರ ಶೇ 10ರಷ್ಟಕ್ಕೆ ಬ್ಯಾಂಕ್ ಗ್ಯಾರಂಟಿ ಪಡೆಯಿರಿ, ಅವಧಿ ಅಕ್ಟೋಬರ್ ಕೊನೆಯವರೆಗೆ. ಏಪ್ರಿಲ್‌ನ ಸಿಡಿಲು, ಜುಲೈನ ತೇವ, ಕಂಬ ಉರುಳಿಸುವ ಗಾಳಿ ಮೂರೂ ಆ ಅವಧಿಯೊಳಗೆ ಬಂದುಹೋಗುತ್ತವೆ. ಗ್ಯಾರಂಟಿ ಬಿಡುವ ಮುನ್ನ ಸರ್ಜ್ ಪ್ರೊಟೆಕ್ಟರ್, ಫೈಬರ್ ಬೆಸುಗೆ, ಯುಪಿಎಸ್ ಓಟ ಮೂರನ್ನೂ ಮತ್ತೊಮ್ಮೆ ಅಳೆಸಿ.